ಮಣ್ಣಿನಿಂದ ಮ್ಯಾಟಿಗೆ: ಕಬಡ್ಡಿ ಜಗತ್ತಿಗೆ ಹೋದ ದಾರಿ

ಸೊರಬ, ಶಿಕಾರಿಪುರದ ಕಡೆ ದೀಪಾವಳಿ ಬಂತೆಂದರೆ ಹೋರಿ ಬೆದರಿಸುವ ಹಬ್ಬದ ಗದ್ದಲ. ಗಣಪತಿ ಕೂರಿಸಿದಲ್ಲಿ, ಶಾಲೆಯ ಬಯಲಲ್ಲಿ, ಕೊಯ್ಲು ಮುಗಿದ ಗದ್ದೆಯಲ್ಲಿ ಕಬಡ್ಡಿ. ಎರಡೂ ಇದೇ ಮಣ್ಣಿನ ಆಟಗಳು. ಹೋರಿ ಹಬ್ಬ ಇಲ್ಲಿಂದ ಹಾವೇರಿ ಸೀಮೆಯವರೆಗಿನ ಸಂಭ್ರಮವಾಗಿಯೇ ಉಳಿಯಿತು. ಕಬಡ್ಡಿ ಮಾತ್ರ ಇರಾನ್, ದಕ್ಷಿಣ ಕೊರಿಯಾ, ತೈವಾನ್, ಕೀನ್ಯಾ ದಾಟಿ ಹೋಯಿತು. ಒಂದು ನಾಡಿನ ಆಟ ಹತ್ತು ನಾಡುಗಳ ಆಟವಾಗುವುದು ಹೇಗೆ ಎಂಬುದಕ್ಕೆ ನಮ್ಮ ಕಣ್ಣೆದುರಿಗಿರುವ ಒಳ್ಳೆಯ ಉದಾಹರಣೆ ಇದು.

ಮೊದಲ ಹೆಜ್ಜೆಗಳೆಲ್ಲ ಪ್ರದರ್ಶನದವು. 1936ರ ಬರ್ಲಿನ್ ಒಲಿಂಪಿಕ್ಸ್ ವೇಳೆ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳಿಯವರು ಅಲ್ಲಿ ಕಬಡ್ಡಿ ಆಡಿ ತೋರಿಸಿದರು. 1950ರಲ್ಲಿ ಅಖಿಲ ಭಾರತ ಫೆಡರೇಶನ್ ಹುಟ್ಟಿ, ಊರಿಗೊಂದು ಬಗೆಯಲ್ಲಿದ್ದ ನಿಯಮಗಳು ಒಂದು ಚೌಕಟ್ಟಿಗೆ ಬಂದವು. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲೂ ಕಬಡ್ಡಿ ಪ್ರದರ್ಶನದ ಆಟವೇ. ನೋಡಿದವರು ಚಪ್ಪಾಳೆ ತಟ್ಟಿದರು. ಆದರೆ ನೋಡಿ ಹೋದವರು ತಮ್ಮೂರಲ್ಲಿ ಅಂಕಣ ಬರೆದುಕೊಳ್ಳಬೇಕಾದರೆ ಅವರಿಗೂ ಏನಾದರೂ ಗೆಲ್ಲುವ ಆಸೆ ಹುಟ್ಟಬೇಕು.

ಆ ಆಸೆ ಹುಟ್ಟಿಸಿದ್ದು 1990ರ ಬೀಜಿಂಗ್ ಕೂಟ. ಕಬಡ್ಡಿಗೆ ಅಲ್ಲಿ ಪದಕದ ಮಾನ್ಯತೆ ಸಿಕ್ಕಿತು. ಚಿನ್ನ ಭಾರತಕ್ಕೆ, ಬೆಳ್ಳಿ ಬಾಂಗ್ಲಾದೇಶಕ್ಕೆ, ಕಂಚು ಪಾಕಿಸ್ತಾನಕ್ಕೆ ಬಂತು. ಹಂಚಿಕೊಂಡವರು ನೆರೆಹೊರೆಯವರೇ ಆದರೂ, ಪದಕಪಟ್ಟಿಯಲ್ಲಿ ಹೆಸರಿರುವ ಆಟಕ್ಕೆ ಸರ್ಕಾರಗಳು ತರಬೇತಿ, ಪ್ರಯಾಣದ ಖರ್ಚು ಕೊಡಲು ಮುಂದಾಗುತ್ತವೆ. ಮಹಿಳೆಯರಿಗೆ ಈ ಬಾಗಿಲು ತೆರೆಯಲು ಇನ್ನೂ ಇಪ್ಪತ್ತು ವರ್ಷ ಹಿಡಿಯಿತು. 2010ರ ಗುವಾಂಗ್‌ಝೌ ಏಷ್ಯನ್ ಕೂಟದಲ್ಲಿ ಚಿನ್ನ ಗೆದ್ದ ಮೊದಲ ಭಾರತೀಯ ವನಿತಾ ತಂಡದಲ್ಲಿ ಕರ್ನಾಟಕದ ತೇಜಸ್ವಿನಿ ಬಾಯಿ, ಕಾರ್ಕಳ ತಾಲ್ಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ ಇದ್ದರು. 2012ರಲ್ಲಿ ಪಟ್ನಾದಲ್ಲಿ ನಡೆದ ಮಹಿಳಾ ವಿಶ್ವಕಪ್ಪನ್ನು ಮಮತಾ ಅವರ ನಾಯಕತ್ವದಲ್ಲೇ ಭಾರತ ಗೆದ್ದಿತು.

ಆಟ ಎಷ್ಟು ಹರಡಿತು ಎಂದು ತಿಳಿಯಲು ದೇಶಗಳ ಲೆಕ್ಕಕ್ಕಿಂತ ಅಂಕಗಳ ಅಂತರ ನೋಡುವುದು ಮೇಲು. 2004ರ ಮುಂಬೈ ವಿಶ್ವಕಪ್ ಫೈನಲ್‌ನಲ್ಲಿ ಭಾರತ ಇರಾನನ್ನು 55-27ರಿಂದ ಸದೆಬಡಿಯಿತು. 2007ರಲ್ಲಿ ಅದೇ ಎದುರಾಳಿಯ ಮೇಲೆ 29-19. 2014ರ ಇಂಚಿಯೋನ್ ಏಷ್ಯನ್ ಕೂಟಕ್ಕೆ ಬರುವಷ್ಟರಲ್ಲಿ 27-25, ಅಂದರೆ ಎರಡೇ ಅಂಕ! 2016ರ ಅಹಮದಾಬಾದ್ ವಿಶ್ವಕಪ್‌ನ ಆರಂಭದ ಪಂದ್ಯದಲ್ಲೇ ದಕ್ಷಿಣ ಕೊರಿಯಾ ಭಾರತವನ್ನು 34-32ರಿಂದ ಮಣಿಸಿತು. ಕೊನೆಗೆ 2018ರ ಜಕಾರ್ತ ಏಷ್ಯನ್ ಕೂಟದಲ್ಲಿ ಇರಾನ್ ಪುರುಷರು ಸೆಮಿಫೈನಲ್‌ನಲ್ಲಿ ಭಾರತವನ್ನು 27-18ರಿಂದ ಹೊರಗಟ್ಟಿದರು. ಮಹಿಳೆಯರ ಫೈನಲ್‌ನಲ್ಲೂ ಇರಾನ್ 27-24ರಿಂದ ಗೆದ್ದಿತು. ಆ ಇರಾನಿ ವನಿತೆಯರ ಕೋಚ್ ನಾಸಿಕದ ಶೈಲಜಾ ಜೈನ್. ನಾವು ಕಲಿಸಿದ ಪಟ್ಟನ್ನೇ ನಮ್ಮ ಮೇಲೆ ಹಾಕಿದರು.

ಬೇಸ್‌ಬಾಲ್‌ನ ಕಥೆಯೂ ಇದೇ ದಾರಿಯದು. ಅಮೆರಿಕದ ಆಟವೆಂದೇ ಲೋಕ ಬಲ್ಲ ಅದಕ್ಕೆ 2006ರಲ್ಲಿ ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್ ಆರಂಭವಾದಾಗ ಮೊದಲೆರಡು ಬಾರಿ ಗೆದ್ದದ್ದು ಜಪಾನ್. ಅಮೆರಿಕ ಮೊದಲ ಪ್ರಶಸ್ತಿಗೆ 2017ರವರೆಗೆ ಕಾಯಬೇಕಾಯಿತು. ತವರು ದೇಶವೇ ಸದಾ ಗೆಲ್ಲುವ ಆಟವನ್ನು ಉಳಿದವರು ಎಷ್ಟು ದಿನ ಆಡಿಯಾರು? 2018ರ ಸೋಲಿಗೆ ನಾವು ಮರುಗಿದ್ದು ಸಹಜ. ಕಬಡ್ಡಿಯ ಮಟ್ಟಿಗೆ ಅದು ಲಾಭದ ವರ್ಷ.

ಈ ಹರಡುವಿಕೆಗೆ ವೇಗ ಕೊಟ್ಟದ್ದು 2014ರಲ್ಲಿ ಶುರುವಾದ ಪ್ರೊ ಕಬಡ್ಡಿ ಲೀಗ್. ಕೊರಿಯಾದ ಜಾಂಗ್ ಕುನ್ ಲೀ, ಇರಾನಿನ ಫಜಲ್ ಅತ್ರಾಚಲಿ ನಮ್ಮ ಮನೆಗಳ ಟಿವಿಯಲ್ಲಿ ಪರಿಚಿತರಾದರು. ದೇಶದ ತಂಡಗಳಲ್ಲಿ ಎದುರಾಳಿಗಳಾಗಿ ಕಲಿತದ್ದನ್ನು ಇಲ್ಲಿ ಜೊತೆಗಾರರಾಗಿ ಹಂಚಿಕೊಂಡರು. 2023ರ ಹರಾಜಿನಲ್ಲಿ ಇರಾನಿನ ಮೊಹಮ್ಮದ್‌ರೆಜಾ ಶಾದ್ಲೂಯಿಯನ್ನು ಪುಣೇರಿ ಪಲ್ಟನ್ 2.35 ಕೋಟಿ ರೂಪಾಯಿಗೆ ಕೊಂಡಿತು. 2024ರಲ್ಲಿ ಆ ತಂಡ ಪ್ರಶಸ್ತಿ ಗೆದ್ದಾಗ ಕೋಚ್ ಆಗಿದ್ದವರು ಅರ್ಜುನ ಪ್ರಶಸ್ತಿ ಪುರಸ್ಕೃತ ಕನ್ನಡಿಗ ಬಿ.ಸಿ. ರಮೇಶ್.

ಹರಡಿದಂತೆ ತೊಡಕೂ ಹೆಚ್ಚಿತು. 2023ರ ಅಕ್ಟೋಬರಿನಲ್ಲಿ ಹಾಂಗ್‌ಝೌ ಏಷ್ಯನ್ ಕೂಟದ ಪುರುಷರ ಫೈನಲ್. ಭಾರತ, ಇರಾನ್ 28-28ರಲ್ಲಿ ಸಮ. ಪವನ್ ಸೆಹ್ರಾವತ್ ಮಾಡು ಇಲ್ಲವೇ ಮಡಿ ರೈಡಿಗೆ ಹೋದವರು ಯಾರನ್ನೂ ಮುಟ್ಟದೆ ಅಂಕಣದ ಬದಿಯ ಪಟ್ಟಿಯಾದ ಲಾಬಿಗೆ ಕಾಲಿಟ್ಟರು. ಇರಾನಿನ ಹಿಡಿತಗಾರರು ಅವರ ಬೆನ್ನಿಗೇ ಲಾಬಿಗೆ ಇಳಿದರು. ಔಟ್ ಆದದ್ದು ರೈಡರ್ ಒಬ್ಬರೇ, ಇಲ್ಲ ಹಿಂದೆ ಬಂದವರೂ ಔಟೇ? ಹಳೆ ನಿಯಮ ಒಂದು ಹೇಳಿತು, ಹೊಸ ನಿಯಮ ಇನ್ನೊಂದು. ತೀರ್ಪು ಅತ್ತಿಂದಿತ್ತ ಓಲಾಡಿ, ಆಟಗಾರರು ಅಂಕಣದಲ್ಲೇ ಕೂತು, ಸುಮಾರು ಒಂದು ಗಂಟೆ ಆಟ ನಿಂತಿತು. ಕೊನೆಗೆ ಭಾರತ 33-29ರಿಂದ ಗೆದ್ದಿತು. ಚಿನ್ನ ಬಂತು, ಆದರೆ ಎಲ್ಲರೂ ಒಪ್ಪುವ ಒಂದೇ ನಿಯಮಪುಸ್ತಕವಿಲ್ಲದ ಆಟಕ್ಕೆ ಒಲಿಂಪಿಕ್ಸ್ ದೂರ ಎಂಬುದೂ ಜಗಜ್ಜಾಹೀರಾಯಿತು. ಆಡಳಿತವೂ ಹೊಗಳುವಂತಿಲ್ಲ: 2018ರಲ್ಲಿ ರಾಷ್ಟ್ರೀಯ ಫೆಡರೇಶನ್ನಿಗೆ ದೆಹಲಿ ಹೈಕೋರ್ಟ್ ಆಡಳಿತಾಧಿಕಾರಿಯನ್ನು ನೇಮಿಸಬೇಕಾಯಿತು.

ನಮ್ಮ ತಾಲ್ಲೂಕುಗಳಿಗೆ ಈ ಹರಡುವಿಕೆಯಿಂದ ಸಿಗುವ ಪಾಠ ಬೇರೆ. ಅಂತರರಾಷ್ಟ್ರೀಯ ಕಬಡ್ಡಿ ಇಂದು ಮ್ಯಾಟಿನ ಮೇಲಿದೆ. ಶೂ ತೊಟ್ಟು ಆಡಬೇಕು. ಮಣ್ಣಿನಲ್ಲಿ ಪಾದ ಜಾರಿಸಿ ತಿರುಗುವ ಹುಡುಗನಿಗೆ ಮ್ಯಾಟ್ ಪಾದವನ್ನು ಹಿಡಿದುಕೊಂಡಂತಾಗುತ್ತದೆ, ಮೊಣಕಾಲು ತಿರುಚುತ್ತದೆ. ಬರಿಗಾಲಲ್ಲಿ ಊರ ಹುಲಿಯಾದವನು ಆಯ್ಕೆ ಶಿಬಿರದಲ್ಲಿ ತಡವರಿಸುವುದು ಶಕ್ತಿ ಸಾಲದೆ ಅಲ್ಲ, ರೂಢಿ ಸಾಲದೆ. ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟ. ಹೊನಲು ಬೆಳಕಿನ ಪಂದ್ಯಾವಳಿಗಳ ಕರಪತ್ರದಲ್ಲಿ ಅವರ ವಿಭಾಗವೇ ಅಪರೂಪ.

ಹಬ್ಬದ ಪಂದ್ಯಾವಳಿಗೆ ಶಾಮಿಯಾನ, ಧ್ವನಿವರ್ಧಕ, ನಗದು ಬಹುಮಾನಕ್ಕೆ ಚಂದಾ ಎತ್ತುವ ಯುವಕ ಸಂಘಗಳು ನಾಲ್ಕಾರು ಊರು ಸೇರಿ ಒಂದು ಸೆಟ್ ಮ್ಯಾಟ್ ಕೊಂಡು ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಇಡಲಿ. ವರ್ಷವಿಡೀ ಮಕ್ಕಳು ಅದರ ಮೇಲೆ ಆಡಲಿ, ಪಂದ್ಯಾವಳಿಯಲ್ಲಿ ಹುಡುಗಿಯರಿಗೂ ಒಂದು ಟ್ರೋಫಿ ಇರಲಿ. ಇರಾನ್, ಕೊರಿಯಾದವರು ನಮ್ಮ ಆಟವನ್ನು ಇಷ್ಟು ಶ್ರದ್ಧೆಯಿಂದ ಕಲಿತಿರುವಾಗ, ಆಟದ ತವರಿನವರು ಇಷ್ಟಾದರೂ ಮಾಡಬೇಕು.