ಹೋರಿ ಹೋಯ್ತು, ಅದರ ಕೆಲಸ ನಮ್ಮ ಮೇಲೆ ಬಿತ್ತು

ದನಕ್ಕೆ ‘ಸೂಜಿ ಹಾಕ್ಸೋದು’ ಈಗ ನಮ್ಮೂರಾಗೆ ಮಾಮೂಲಿ ಮಾತು. ಭಾರತದಲ್ಲಿ ಇದು ಮೊದಲು ಆಗಿದ್ದು ನಮ್ಮ ನಾಡಿನಲ್ಲೇ. 1939ರಲ್ಲಿ ಮೈಸೂರು ಅರಮನೆಯ ಡೇರಿ ಫಾರ್ಮಿನಲ್ಲಿ ಡಾ. ಸಂಪತ್ ಕುಮಾರನ್ ಅವರು ಹಳ್ಳಿಕಾರ್ ಹಸುಗಳಿಗೆ ಹೋಲ್‌ಸ್ಟೀನ್ ಫ್ರೀಸಿಯನ್ ಹೋರಿಯ ವೀರ್ಯ ಕೊಟ್ಟರು. 33 ಹಸು ಗಬ್ಬ ನಿಂತವು. ಆಗ ನಮ್ಮ ಗುಡೇಕೋಟೆ ಸೀಮೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಮೈಸೂರಿಗೆ ಸೇರಿದ್ದು 1953ರಲ್ಲಿ.

ಹಳ್ಳಿಕಾರ್ ಗಳೇವಿಗೆ, ಗಾಡಿಗೆ ಹೇಳಿ ಮಾಡಿಸಿದ ತಳಿ, ಹಾಲು ಕಮ್ಮಿ. ಹಾಲಿನ ತಳಿಯ ಹೋರಿ ಸಾಕೋದು ಎಲ್ಲರ ಕೈಲಾಗೋ ಮಾತಲ್ಲ. 1949ರಲ್ಲಿ ಇಂಗ್ಲೆಂಡಿನವರು ಗ್ಲಿಸರಿನ್ ಬೆರೆಸಿ ವೀರ್ಯ ಹೆಪ್ಪುಗಟ್ಟಿಸೋದು ಕಂಡುಕೊಂಡ ಮೇಲೆ ದಾರಿ ಸಲೀಸಾಯ್ತು. ಈಗ ಮೈನಸ್ 196 ಡಿಗ್ರಿಯ ನೈಟ್ರೋಜನ್ ಕ್ಯಾನಿನಲ್ಲಿ ಅದು ಕೊಟ್ಟಿಗೆ ಬಾಗಿಲಿಗೇ ಬರುತ್ತೆ.

ಆದರೆ ಬೆದೆ ಕಂಡುಹಿಡಿಯೋ ಕೆಲಸ ಹೋರಿಯಿಂದ ನಮಗೆ ಬಂತು. ಹೋರಿಗೆ ವಾಸನೆಯಲ್ಲೇ ಗೊತ್ತಾಗ್ತಿತ್ತು. ನಾವು ಲೋಳೆ, ಕೂಗು, ಬೇರೆ ದನದ ಮೇಲೆ ಹತ್ತೋದು ನೋಡಬೇಕು. ನಾನು ಬೆಳಗ್ಗೆ, ರಾತ್ರಿ ನೋಡಿ ಕ್ಯಾಲೆಂಡರಿನಲ್ಲಿ ಗುರುತು ಹಾಕ್ತೀನಿ. ಬೆಳಗ್ಗೆ ಬೆದೆ ಕಂಡರೆ ಸಂಜೆ ಸೂಜಿ, ಸಂಜೆ ಕಂಡರೆ ಮರುದಿನ ಬೆಳಗ್ಗೆ. ಒಂದು ಬೆದೆ ತಪ್ಪಿದರೆ ಇನ್ನು 21 ದಿನ ಕಾಯಬೇಕು. ಅಷ್ಟು ದಿನದ ಮೇವು, ಹಿಂಡಿ ಮೈಮೇಲೆ.

ಮೇವಿನ ಲೆಕ್ಕವೂ ಇಲ್ಲೇ ಬರುತ್ತೆ. ಕರು ಹಾಕಿದ ಮೇಲೆ ಹಾಲು ಏರುತ್ತೆ, ಮೈ ಇಳಿಯುತ್ತೆ. ಬರೀ ಜೋಳದ ಸಪ್ಪೆ ತಿಂದು ಸೊರಗಿದ ಹಸು ಬೆದೆಗೇ ಬರಲ್ಲ. ಹಸಿಮೇವು, ಶೇಂಗಾ ಹೊಟ್ಟು, ಹಿಂಡಿ, ಖನಿಜ ಮಿಶ್ರಣ ಸೇರಿಸಿ ಕೊಡ್ರಿ. ‘ಗೊಡ್ಡು’ ಅಂತ ಸಂತೆಗೆ ಹೊಡ್ಕೊಂಡು ಹೋಗೋ ಮುಂಚೆ ಒಂದ್ಸಲ ಗ್ವಾದಲಿ ನೋಡ್ರಪ್ಪ, ಡಾಕ್ಟರಿಗೂ ತೋರಿಸ್ರಿ.