ಅಡಕಲ ಗಡಿಗೆಯೂ ಎಣ್ಣೆಯ ಡಬ್ಬಿಯೂ

ಕಳೆದ ತಿಂಗಳು ಬೆಂಗಳೂರಿನಲ್ಲಿ ಮಿತ್ರರೊಬ್ಬರ ಹೊಸ ಮನೆಗೆ ಹೋಗಿದ್ದೆ. ಮನೆಯನ್ನೆಲ್ಲ ತೋರಿಸಿ ಕೊನೆಗೆ ಅಡಿಗೆಯ ಮನೆಗೆ ಕರೆದೊಯ್ದರು. ಹಳೆಯ ಬಾಗಿಲಿನ ಹಲಗೆಗಳಿಂದ ಮಾಡಿಸಿದ ಗೂಡು. ಅದರಲ್ಲಿ ಹಿತ್ತಾಳೆಯ ಡಬ್ಬಿಗಳು, ಉಪ್ಪಿನಕಾಯಿಯ ಪಿಂಗಾಣಿ ಭರಣಿಗಳು, ನಡುವೆ ನೀಲಿ ಬಣ್ಣ ಬಳಿದ ಚೌಕದ ತಗಡಿನ ಡಬ್ಬಿಯೊಂದು. “ಎಲ್ಲವೂ ಗುಜರಿ ಅಂಗಡಿಗಳಲ್ಲಿ ಆರಿಸಿ ತಂದದ್ದು. ಹಳ್ಳಿಯ ಅಡಿಗೆಮನೆ ಹೀಗೇ ಅಲ್ಲವೆ ಇರುತ್ತಿದ್ದುದು?” ಎಂದು ಮಿತ್ರರ ಹೆಂಡತಿ ಕೇಳಿದರು.

ಹೌದೆನ್ನಲೂ ಆಗಲಿಲ್ಲ, ಅಲ್ಲವೆನ್ನಲೂ ಆಗಲಿಲ್ಲ. ಆ ಚೌಕದ ಡಬ್ಬಿ ನನಗೆ ತೀರ ಪರಿಚಿತವಾದುದು. ಯಾದಗಿರಿಯ ಸಮೀಪದ ಅಬ್ಬೆತುಮಕೂರಿನಲ್ಲಿ, ನನ್ನ ಸೋದರತ್ತೆಯ ಮನೆಯಲ್ಲಿ, ಅಂಥವು ನಾಲ್ಕು ಇದ್ದವು. ಅವುಗಳ ಗತಿ ಏನಾಯಿತೆಂಬುದನ್ನು ಆಮೇಲೆ ಹೇಳುತ್ತೇನೆ. ಅದಕ್ಕೆ ಮುಂಚೆ ಆ ಡಬ್ಬಿ ನಮ್ಮ ಅಡಿಗೆಯ ಮನೆಗಳನ್ನು ಹೊಕ್ಕ ಬಗೆಯನ್ನು ಓದುಗರ ಮುಂದಿಡಬೇಕು.

ಅಬ್ಬೆತುಮಕೂರೆಂದರೆ ಹೊರಗಿನವರಿಗೆ ವಿಶ್ವಾರಾಧ್ಯರ ಮಠ, ಅಲ್ಲಿಯ ಜಾತ್ರೆ. ಊರಿನವರಿಗೆ ಅದರ ಜೊತೆಗೆ ಜೋಳ, ತೊಗರಿ. ಈ ಸೀಮೆಯಲ್ಲಿ ಕಾಳಿಗೆ ಹಿಂದೆ ಮೂರು ಮನೆಗಳಿದ್ದವು. ಮೊದಲನೆಯದು ನೆಲದೊಳಗಿನ ಹಗೇವು. ಅದರ ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು. ಹೊಟ್ಟೆ ಮಾತ್ರ ವಿಶಾಲವಾದುದು. ತಳಕ್ಕೂ ಬದಿಗೂ ಒಣಹುಲ್ಲು ಕೊಟ್ಟು, ಜೋಳ ಸುರಿದು, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ಒಳಗೆ ಗಾಳಿ ಆಡದು. ಗಾಳಿಯಾಡದಲ್ಲಿ ಹುಳು ಬದುಕದು. ತೆರೆದ ಕೂಡಲೆ ಇಳಿದ ಮನುಷ್ಯನೂ ಬದುಕುವ ಹಾಗಿರಲಿಲ್ಲ. ಆದುದರಿಂದ ಹಗೇವನ್ನು ತೆರೆದು, ಒಳಗಿನ ಕೆಟ್ಟ ಗಾಳಿ ಹೋಗಲೆಂದು ಬಹಳ ಹೊತ್ತು ಬಿಟ್ಟು, ಆಮೇಲೆ ಇಳಿಯುತ್ತಿದ್ದರು. ಎರಡನೆಯದು ಬಿದಿರಿನಿಂದಲೋ ಕಟ್ಟಿಗೆಯ ಸೆಳಕುಗಳಿಂದಲೋ ಹೆಣೆದು ಸೆಗಣಿ ಮೆತ್ತಿದ ಕಣಜ. ಮೂರನೆಯದು ಅಡಿಗೆಯ ಮನೆಯ ಅಡಕಲ ಗಡಿಗೆ.

ಹಗೇವಿನದು ವರ್ಷದ ಲೆಕ್ಕ, ಕಣಜದ್ದು ತಿಂಗಳ ಲೆಕ್ಕ, ಅಡಕಲಿನದು ದಿನದ ಲೆಕ್ಕ. ಮೊದಲಿನ ಎರಡೂ ಗಂಡಸರ ಕೈಯಲ್ಲಿದ್ದವು. ಮೂರನೆಯದು ಹೆಂಗಸಿನ ರಾಜ್ಯ. ದೊಡ್ಡ ಗಡಿಗೆಯನ್ನು ಸಿಂಬೆಯ ಮೇಲಿಟ್ಟು, ಅದರ ಬಾಯಿಯ ಮೇಲೆ ಅದಕ್ಕಿಂತ ಚಿಕ್ಕದು, ಅದರ ಮೇಲೆ ಇನ್ನೂ ಚಿಕ್ಕದು, ಹೀಗೆ ಐದಾರು ಗಡಿಗೆಗಳ ಸಾಲು ಗೋಡೆಗೆ ಆತು ನಿಲ್ಲುತ್ತಿತ್ತು. ಮೇಲಿನದೇ ಕೆಳಗಿನದಕ್ಕೆ ಮುಚ್ಚಳ. ದಿನವೂ ಬೇಕಾಗುವ ಉಪ್ಪು, ಬೇಳೆ ಮೇಲೆ. ಅಪರೂಪಕ್ಕೆ ಬೇಕಾಗುವುದು ಕೆಳಗೆ. ಹಾಲು ಬೆಣ್ಣೆಗಳು ಬೆಕ್ಕಿಗೆ ಎಟುಕದಂತೆ ತೊಲೆಗೆ ಕಟ್ಟಿದ ನೆಲವಿನಲ್ಲಿ. ತಳದ ಗಡಿಗೆಯನ್ನು ಮುಟ್ಟಬೇಕಾದರೆ ಮೇಲಿನವನ್ನೆಲ್ಲ ಇಳಿಸಬೇಕು, ಸದ್ದಾಗದೆ ಇರದು. ಆದುದರಿಂದಲೇ ಮನೆಯೊಡತಿಯ ಗುಟ್ಟಿನ ಗಂಟು ಇರುತ್ತಿದ್ದುದು ಅಲ್ಲಿ. ಬಾಲ್ಯದಲ್ಲಿ ನಾನು ಗಡಿಗೆಗಳನ್ನು ಎಣಿಸುತ್ತ ನಿಂತಾಗ ಅತ್ತೆ ಹೇಳಿದ್ದುಂಟು: “ಮ್ಯಾಲಿನ ಗಡಗಿ ಮನಿಮಂದೀದು, ತೆಳಗಿನ ಗಡಗಿ ನಂದು ತಮ್ಮಾ.”

ಈ ಗಡಿಗೆಗಳನ್ನು ಯಾರೂ ಅಂಗಡಿಯಲ್ಲಿ ಕೊಂಡವರಲ್ಲ. ಕುಂಬಾರನು ವರ್ಷವಿಡೀ ಮನೆಗೆ ಬೇಕಾದುದನ್ನು ಕೊಡುವನು. ಸುಗ್ಗಿಯಲ್ಲಿ ಕಣಕ್ಕೆ ಬಂದು ತನ್ನ ಆಯದ ಕಾಳು ಒಯ್ಯುವನು. ಹನ್ನೆರಡನೆಯ ಶತಮಾನದ ಶರಣರಲ್ಲಿ ಕುಂಬಾರ ಗುಂಡಯ್ಯ, ಮೇದಾರ ಕೇತಯ್ಯ ಎಂಬ ಹೆಸರುಗಳನ್ನು ತರಗತಿಯಲ್ಲಿ ಹೇಳುವಾಗೆಲ್ಲ ನನಗೆ ಅತ್ತೆಯ ಅಡಿಗೆಮನೆಯೇ ನೆನಪಾಗುತ್ತದೆ. ಒಬ್ಬನದು ಗಡಿಗೆ, ಇನ್ನೊಬ್ಬನದು ಬುಟ್ಟಿ.

ಈ ವ್ಯವಸ್ಥೆಯೊಳಕ್ಕೆ ತಗಡು ಬಂದದ್ದು ರೈಲಿನ ಹಿಂದೆ. 1871ರಲ್ಲಿ ಮುಂಬಯಿಯ ಕಡೆಯ ಹಳಿಯೂ ಮದರಾಸಿನ ಕಡೆಯ ಹಳಿಯೂ ರಾಯಚೂರಿನಲ್ಲಿ ಕೂಡಿದವು; ನಿಜಾಮರ ರಾಜ್ಯದ ಯಾದಗಿರಿ ಆ ದಾರಿಯ ನಿಲ್ದಾಣವಾಯಿತು. ಹರಳೆಣ್ಣೆ, ಕುಸುಬೆಯೆಣ್ಣೆಗಳ ದೀಪವಿದ್ದ ಮನೆಗಳಿಗೆ ಕ್ರಮೇಣ ಚಿಮಣಿ ಎಣ್ಣೆ ಬಂದಿತು. ನಾಲ್ಕು ಗ್ಯಾಲನ್ನಿನ ಚೌಕದ ಡಬ್ಬಿ. ಎರಡೆರಡು ಡಬ್ಬಿಗೆ ಒಂದೊಂದು ಮರದ ಪೆಟ್ಟಿಗೆ. ಎಣ್ಣೆ ಉರಿದುಹೋಯಿತು, ಡಬ್ಬಿ ಉಳಿಯಿತು. ಪೆಟ್ಟಿಗೆಯೂ ಉಳಿಯಿತು, ಅದೇ ಗೋಡೆಯ ಹಲಗೆಯಾಯಿತು.

ಈ ಖಾಲಿ ಡಬ್ಬಿಯ ಮಹಿಮೆ ಸಣ್ಣದಲ್ಲ. ಅಮೆರಿಕದ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ಎಣ್ಣೆ ನೀಲಿ ಡಬ್ಬಿಗಳಲ್ಲಿ ಪೂರ್ವ ದೇಶಗಳಿಗೆಲ್ಲ ಬರುತ್ತಿತ್ತು. 1892ರಲ್ಲಿ ಲಂಡನ್ನಿನ ವರ್ತಕ ಮಾರ್ಕಸ್ ಸ್ಯಾಮ್ಯುಯೆಲ್ ಎಂಬವನು ‘ಮ್ಯೂರೆಕ್ಸ್’ ಎಂಬ ಹಡಗಿನ ಒಡಲಲ್ಲೇ ರಷ್ಯದ ಎಣ್ಣೆಯನ್ನು ತುಂಬಿಸಿ ಸೂಯೆಜ್ ಕಾಲುವೆಯ ಮೂಲಕ ಕಳುಹಿಸಿದ. ಡಬ್ಬಿಯ ಖರ್ಚು ಉಳಿಯಿತು. ಜನರು ತಂತಮ್ಮ ಪಾತ್ರೆ ತಂದು ಅಗ್ಗದ ಎಣ್ಣೆ ತುಂಬಿಸಿಕೊಂಡು ಹೋಗುವರೆಂದು ಅವನ ಎಣಿಕೆ. ಜನರು ಬರಲಿಲ್ಲ. ಅವರಿಗೆ ಎಣ್ಣೆಯಷ್ಟೇ ಡಬ್ಬಿಯೂ ಬೇಕಾಗಿತ್ತು! ಕೊನೆಗೆ ಅವನು ತಗಡು ತರಿಸಿ, ಅಲ್ಲಲ್ಲಿಯೇ ಕೆಂಪು ಡಬ್ಬಿಗಳನ್ನು ಮಾಡಿಸಬೇಕಾಯಿತು. ಮುಂದೆ ಷೆಲ್ ಎಂದು ಜಗತ್ಪ್ರಸಿದ್ಧವಾದ ಕಂಪನಿಯ ಆರಂಭದ ಪಾಠವಿದು. ಅಂಥ ವರ್ತಕನ ಲೆಕ್ಕವನ್ನು ತಪ್ಪಿಸಿದ್ದು ಮನೆವಾರ್ತೆಯ ಲೆಕ್ಕವೆಂದರೆ ಅತಿಶಯೋಕ್ತಿಯಾಗಲಾರದು.

ಡಬ್ಬಿಗೆ ಹೊಸ ಜನ್ಮ ಕೊಡುವುದೂ ಒಂದು ಸಂಸ್ಕಾರವೇ. ಬೂದಿಯಿಂದ ತಿಕ್ಕಿ, ಬಿಸಿನೀರು ಹಾಕಿ, ದಿನಗಟ್ಟಲೆ ಬಿಸಿಲಿಗೆ ಬೋರಲು ಹಾಕುವುದು. ವಾಸನೆ ಹೋಗದಿದ್ದರೆ ಹೊಟ್ಟು ತುಂಬಿಟ್ಟು ಚೆಲ್ಲುವುದು. ತಗಡಿನ ಕೆಲಸದವನು ಮೇಲ್ಭಾಗವನ್ನು ಕತ್ತರಿಸಿ, ಕೈ ಕೊಯ್ಯದಂತೆ ಅಂಚು ಮಡಿಸಿ, ಮುಚ್ಚಳಕ್ಕೆ ಕೀಲು, ಮುಂದಕ್ಕೆ ಕೊಂಡಿ ಕೂರಿಸುತ್ತಿದ್ದ. ಇಲಿ ಕಡಿಯಲಾರದು, ಮಳೆಗಾಲದ ತೇವ ಹೊಗಲಾರದು, ಬಿದ್ದರೆ ಒಡೆಯದು. ಹರಳೆಣ್ಣೆ ಸವರಿದ ತೊಗರಿಬೇಳೆಗೆ ಇದಕ್ಕಿಂತ ಒಳ್ಳೆಯ ಮನೆಯಿಲ್ಲ. 1937ರಲ್ಲಿ ಡಾಲ್ಡಾ ಬಂದ ಮೇಲೆ ಅದರ ಹಳದಿ ಡಬ್ಬಿಗಳೂ ಹೀಗೆಯೇ ಮನೆಮನೆಯ ಸಾಲಿಗೆ ಸೇರಿದವು.

ಆದರೆ ಒಂದು ಸಾಲು ಬೆಳೆದಾಗ ಇನ್ನೊಂದು ಸಾಲು ಕುಗ್ಗಿತು. ಒಡೆಯದ ಡಬ್ಬಿ ಬಂದ ಮನೆಗೆ ಪ್ರತಿ ವರ್ಷ ಗಡಿಗೆ ಬೇಡವಾಯಿತು; ಗಡಿಗೆ ಬೇಡವಾದ ಮೇಲೆ ಕುಂಬಾರನ ಆಯವೂ ಸಣ್ಣದಾಯಿತು. ನಾವು ಇಂದು ಹಳ್ಳಿಯ ಹಳಮೆಯೆಂದು ಕೊಂಡಾಡುವ ಡಬ್ಬಿ ತನ್ನ ಕಾಲದಲ್ಲಿ ಕುಂಬಾರನ ಅನ್ನಕ್ಕೆ ಕೈಯಿಟ್ಟ ಪರದೇಶಿ. ಅತ್ತೆ ಮಾತ್ರ ಅದನ್ನೂ ತನ್ನ ಹಳೆಯ ಲೆಕ್ಕಕ್ಕೇ ಒಗ್ಗಿಸಿದ್ದಳು. ನಾಲ್ಕು ಡಬ್ಬಿಗಳನ್ನು ಅಡಕಲಿನಂತೆ ಒಂದರ ಮೇಲೊಂದು ಪೇರಿಸಿದ್ದಳು. ತಳದ ಡಬ್ಬಿಯ ಕೊಂಡಿಗೆ ಬೀಗ ಹಾಕಿದ್ದಳು. ನಾನು ಎಂ.ಎ. ಓದಲು ಕಲಬುರಗಿಗೆ ಹೊರಟಾಗ, ಮೇಲಿನ ಮೂರನ್ನು ಇಳಿಸಿ, ಆ ಬೀಗ ತೆಗೆದು, ಜೋಳದೊಳಗಿಂದ ಒಂದು ಅರಿವೆಯ ಗಂಟನ್ನು ತೆಗೆದುಕೊಟ್ಟಳು. ಪ್ರವೇಶದ ಹಣ ಅದರಿಂದ ತುಂಬಿತು. ಆ ನೋಟುಗಳಿಗೆ ಜೋಳದ ಧೂಳು ಹತ್ತಿತ್ತು.

ಅತ್ತೆ ತೀರಿಕೊಂಡ ಮೇಲೆ ಮಣ್ಣಿನ ಮನೆ ಕೆಡವಿ ಸಿಮೆಂಟಿನದು ಕಟ್ಟಿಸಿದರು. ಸಾಮಾನು ಹೊರಹಾಕುವ ದಿನ ನಾನೂ ಇದ್ದೆ. ಗುಜರಿಯವನು ತಕ್ಕಡಿ ತಂದಿದ್ದ. ನಾಲ್ಕು ಡಬ್ಬಿಗಳನ್ನು ಅವನ ಮುಂದಿಟ್ಟವನು ನಾನೇ. ತೂಕಕ್ಕೆ ಬಂದ ಹಣದಿಂದ ಎಲ್ಲರಿಗೂ ಚಹಾ ತರಿಸಿದೆವು. ಗಡಿಗೆಗಳಿಗೆ ಬೆಲೆಯೇ ಇಲ್ಲವಾಗಿ ಅವು ತಳಪಾಯದ ತುಂಬಿಗೆ ಹೋದವು. ಶಾಸನದ ಕಲ್ಲು ಕಂಡರೆ ಕೈಮುಗಿದು ನಿಲ್ಲುವ ನನಗೆ, ಅಂದು ಮನೆಯ ಚರಿತ್ರೆ ತಕ್ಕಡಿಯಲ್ಲಿ ಕುಳಿತದ್ದು ಕಾಣಲಿಲ್ಲ.

ಆದುದರಿಂದ ಬೆಂಗಳೂರಿನ ಆ ತಾಯಿಯನ್ನು ನಾನು ಹಾಸ್ಯ ಮಾಡಲಾರೆ. ನಾನು ಮಾರಿದ್ದನ್ನು ಅವರು ಕೊಂಡಿದ್ದಾರೆ, ಅಷ್ಟೆ. ಹಿತ್ತಾಳೆಯ ಡಬ್ಬಿಗೆ ಕಲಾಯಿ ಹಾಕಿಸದೆ ಹುಣಿಸೆಹಣ್ಣು ಇಡಬೇಡಿ, ಕಿಲುಬು ಹಿಡಿದೀತು ಎಂದು ಮಾತ್ರ ಹೇಳಿದೆ. ಆಮೇಲೆ ನೀಲಿ ಡಬ್ಬಿಯ ಮುಚ್ಚಳ ಎತ್ತಿ ನೋಡಿದೆ. ಒಳಗೆ ಏನೂ ಇರಲಿಲ್ಲ. “ಅದು ನೋಡುವುದಕ್ಕೆ ಇಟ್ಟದ್ದು” ಎಂದರು. ಅತ್ತೆಯ ಮನೆಯಲ್ಲಿ ನೋಡುವುದಕ್ಕೆ ಇಟ್ಟ ವಸ್ತು ಒಂದೂ ಇರಲಿಲ್ಲ. ಎಣ್ಣೆ ಮುಗಿದ ಡಬ್ಬಿಗೂ ಅಲ್ಲಿ ಕೆಲಸವಿತ್ತು.

ಊರಿಗೆ ಮರಳಿದ ಮೇಲೆ ಹತ್ತು ಕಿಲೋ ತೊಗರಿಬೇಳೆಗೆ ಹರಳೆಣ್ಣೆ ಸವರಿಸಿ ಅವರಿಗೆ ಕಳುಹಿಸಿದ್ದೇನೆ. ಈಗ ಅದು ಆ ಡಬ್ಬಿಯಲ್ಲಿದೆಯೆಂದು ಮಿತ್ರರು ಬರೆದಿದ್ದಾರೆ.