ಮಾತ್ರೆಯ ಲೆಕ್ಕ

ಛಂದಸ್ಸಿನ ಪಾಠದಲ್ಲಿ ‘ಮಾತ್ರೆ’ ಎಂದೊಡನೆ ಹಿಂದಿನ ಬೆಂಚಿನಲ್ಲಿ ನಗು ಏಳುತ್ತದೆ. ಹುಡುಗರಿಗೆ ನೆನಪಾಗುವುದು ಔಷಧದಂಗಡಿ. ಎರಡು ಕಡೆಯೂ ಮೂಲಾರ್ಥ ಅಳತೆಯೇ ಎಂದು ನಾನು ವಿವರಿಸುತ್ತೇನೆ. ಹೋದ ವರ್ಷ ನಮ್ಮ ಅಕ್ಕನಿಗೆ ಕ್ಯಾನ್ಸರ್ ಔಷಧ ಕೊಡುವ ಮುನ್ನ ಅವಳ ತೂಕ, ಎತ್ತರಗಳನ್ನು ಅಳೆದರು. “ಸ್ವಲ್ಪ ಹೆಚ್ಚಿಗೆ ಕೊಟ್ಟರೆ ಬೇಗ ವಾಸಿಯಾಗದೇನೋ?” ಎಂದು ಅವಳು ನನ್ನನ್ನು ಕೇಳಿದಳು. ಉತ್ತರ ಹುಡುಕುತ್ತ ಹೋದವನಿಗೆ ಒಬ್ಬ ರೋಗಿಯ ವೃತ್ತಾಂತ ದೊರೆಯಿತು.

ಮೊದಲನೆಯ ಮಹಾಯುದ್ಧದಲ್ಲಿ ಸಾಸಿವೆ ಅನಿಲಕ್ಕೆ ಸಿಕ್ಕ ಸೈನಿಕರ ರಕ್ತದಲ್ಲಿ ಬಿಳಿಯ ಕಣಗಳು ಕುಗ್ಗಿದ್ದುದನ್ನು ವೈದ್ಯರು 1919ರಲ್ಲೇ ಬರೆದಿಟ್ಟಿದ್ದರು. ಎರಡನೆಯ ಯುದ್ಧಕಾಲದಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ಗುಡ್‌ಮನ್ ಮತ್ತು ಗಿಲ್‌ಮನ್ ಅದೇ ಜಾತಿಯ ನೈಟ್ರೋಜನ್ ಮಸ್ಟರ್ಡನ್ನು ಪರೀಕ್ಷಿಸುತ್ತಿದ್ದರು. ಬಿಳಿಯ ಕಣಗಳನ್ನು ಕೊಲ್ಲುವ ವಿಷ ಆ ಜಾತಿಯ ಗೆಡ್ಡೆಯನ್ನೂ ಕೊಲ್ಲಬಾರದೇಕೆ? ಇಲಿಯಲ್ಲಿ ಗೆಡ್ಡೆ ಕರಗಿತು. ಆದರೆ ಮನುಷ್ಯನಿಗೆ ಎಷ್ಟು ಕೊಡಬೇಕು?

1942ರ ಆಗಸ್ಟ್ 27ರಂದು ಆ ಪ್ರಶ್ನೆಯನ್ನು ಒಬ್ಬ ರೋಗಿಯ ಮೇಲೆ ಕೇಳಲಾಯಿತು. ಆತ ಪೋಲೆಂಡಿನಿಂದ ವಲಸೆ ಬಂದವನು. ಎಕ್ಸ್‌ರೇ ಚಿಕಿತ್ಸೆ ಸೋತು, ಕತ್ತಿನ ಗೆಡ್ಡೆಗಳಿಂದ ಉಸಿರಿಗೂ ಕಷ್ಟವಾಗಿತ್ತು. ದೇಹತೂಕದ ಕಿಲೋ ಒಂದಕ್ಕೆ ದಿನವೂ 0.1 ಮಿಲಿಗ್ರಾಂನಂತೆ ಹತ್ತು ದಿನ ಚುಚ್ಚಿದರು. ಗೆಡ್ಡೆಗಳು ಕರಗಿದವು, ಆತ ಸಲೀಸಾಗಿ ನುಂಗಿದ. ಆದರೆ ರಕ್ತದ ಬಿಳಿಯ ಕಣಗಳೂ ಕುಸಿದವು. ರೋಗ ಮರುಕಳಿಸಿತು, ಡಿಸೆಂಬರ್ 1ರಂದು ಆತ ತೀರಿಕೊಂಡ. ಮುಂದೆ ಈ ಔಷಧಕ್ಕೆ ರೂಢಿಗೆ ಬಂದ ಅಳತೆ ಒಂದು ಸರದಿಗೆ ಕಿಲೋ ಒಂದಕ್ಕೆ ಒಟ್ಟು 0.4 ಮಿಲಿಗ್ರಾಂ. ಆತನಿಗೆ ಮೊದಲ ಸರದಿಯಲ್ಲೇ ಬಿದ್ದದ್ದು 1 ಮಿಲಿಗ್ರಾಂ!

ಯುದ್ಧದ ಗುಟ್ಟೆಂದು ಆಸ್ಪತ್ರೆಯ ದಾಖಲೆಯಲ್ಲಿ ಮದ್ದಿನ ಹೆಸರಿರಲಿಲ್ಲ, ಬರೀ ‘ಎಕ್ಸ್’ ಎಂದಿತ್ತು. ಫಲಿತಾಂಶ ಅಚ್ಚಾದದ್ದು 1946ರಲ್ಲಿ. ಚರಿತ್ರೆಯಲ್ಲಿ ರೋಗಿಯೂ ‘ಜೆ.ಡಿ.’ ಎಂಬ ಎರಡಕ್ಷರವಾಗಿಯೇ ಉಳಿದ.

1947ರ ನ್ಯೂರೆಂಬರ್ಗ್ ಸಂಹಿತೆ, 1964ರ ಹೆಲ್ಸಿಂಕಿ ಘೋಷಣೆಗಳ ತರುವಾಯ ಕ್ರಮ ಬಿಗಿಯಾಯಿತು. ಈಗ ಹೊಸ ಔಷಧವನ್ನು ಕೆಲವೇ ಮಂದಿಗೆ, ತೀರ ಕಡಿಮೆಯಿಂದ ಆರಂಭಿಸಿ, ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾರೆ. ಎಲ್ಲವನ್ನೂ ತಿಳಿಸಿ ಒಪ್ಪಿಗೆ ಪಡೆಯುತ್ತಾರೆ. ಈ ಮೊದಲ ಹಂತದಲ್ಲಿ ಮುಖ್ಯ ಪ್ರಶ್ನೆ ‘ವಾಸಿಯಾದೀತೆ?’ ಎಂಬುದಲ್ಲ, ‘ದೇಹ ಎಷ್ಟು ತಾಳೀತು?’ ಎಂಬುದು. ಆರೋಗ್ಯವಂತರಿಗೆ ಇಂಥ ವಿಷ ಕೊಡುವಂತಿಲ್ಲವಾದ್ದರಿಂದ ಸಾಮಾನ್ಯವಾಗಿ ಬೇರೆ ದಾರಿ ಕಾಣದ ರೋಗಿಗಳೇ ಮುಂದೆ ಬರುತ್ತಾರೆ. ಲಾಭ ಅವರಿಗೆ ಅಪರೂಪ; ಹೆಚ್ಚಾಗಿ ಅದು ನಂತರದವರ ಪಾಲು.

ಅಕ್ಕನಿಗೆ ಇಷ್ಟನ್ನೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ನನ್ನ ಅಳತೆಯನ್ನೂ ಮೊದಲು ಯಾರೋ ತೆತ್ತಿದ್ದಾರೆ” ಎಂದಳು.